ಸಾರ್ಜೆಂಟ್ ಸಾಯಬಾರದಿತ್ತು

ಜನವರಿ 9, ಗುರುವಾರ

ದಿನಚರಿ ಬರೆಯುವುದು ನನ್ನ ಯೋಚನೆಯಲ್ಲ. ಲಾರ್ನ್‌ಗೆ ಮಾತು ಕಲಿಸಲು ವಾರಕ್ಕೆರಡು ಸಲ ಬರುವ ಟೆಸ್ಸಾ ಎಂಬ ಹುಡುಗಿಯದು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನನ್ನ ಗಂಡನಿಗೆ ಅವಳು ಚಿತ್ರ ತೋರಿಸಿ "ಬೆಕ್ಕು", "ಬಟ್ಟಲು" ಹೇಳಿಕೊಡುತ್ತಾಳೆ. ಇವತ್ತು ಹೊರಡುವಾಗ ಬೂಟು ಹಾಕಿಕೊಳ್ಳುತ್ತ, "ಮಿಸೆಸ್ ಕಿವೆಲಾ, ಅವರನ್ನ ನೀವು ನೋಡ್ಕೋತೀರ. ನಿಮ್ಮನ್ನ ಯಾರು ನೋಡ್ಕೋತಾರೆ? ದಿನಾ ನಾಲ್ಕು ಸಾಲು ಬರೀರಿ, ಭಾರ ಇಳಿಯುತ್ತೆ" ಎಂದಳು.

ನನ್ನ ಭಾರ ಇರುವುದು ಸೊಂಟದ ಸುತ್ತ. ಲಾರ್ನ್‌ಗೆ ಹುಷಾರಿಲ್ಲವೆಂದು ಚರ್ಚಿನ ಹೆಂಗಸರು ತಂದುಕೊಟ್ಟ ಆಲೂಗಡ್ಡೆ-ಚೀಸಿನ ಪಾತ್ರೆಗಳನ್ನೆಲ್ಲ ಖಾಲಿ ಮಾಡಿದವಳು ನಾನು. ನಾಲ್ಕು ಸಾಲಿಗೆ ಅದು ಇಳಿಯುವ ಹಾಗಿದ್ದರೆ ಥಂಡರ್ ಬೇ ಊರಿನ ಹೆಂಗಸರೆಲ್ಲ ಇಷ್ಟು ಹೊತ್ತಿಗೆ ಲೇಖಕಿಯರಾಗಿರುತ್ತಿದ್ದರು.

ಆಯಿತು, ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ ಲಾರ್ನ್‌ಗೆ ಲಕ್ವ ಹೊಡೆಯಿತು. ಕಾಗದದ ಗಿರಣಿಯ ಕೆಲಸ ಮುಗಿಸಿ ಬಂದು ಅವನು ಸಂಜೆ ಹೊತ್ತು ನಮ್ಮೂರ ಒಳಾಂಗಣ ಐಸ್ ಹಾಕಿ ಮೈದಾನದಲ್ಲಿ ಮೈಕ್ ಹಿಡಿಯುತ್ತಿದ್ದ. ಗೋಲು ಹೊಡೆದವನ ಹೆಸರು ಹೇಳಿ ಅಂದರೆ ಅವನ ಅಜ್ಜಿಯ ಮಂಡಿನೋವಿನ ಸಮಾಚಾರವನ್ನೂ ಸೇರಿಸಿ ಹೇಳುವವನು. ಅವತ್ತು ಆಟಗಾರರ ಹೆಸರು ಕೂಗುತ್ತಿದ್ದವನು ನಡುವೆ ನಿಲ್ಲಿಸಿದ. ಮೈಕ್ ಕೆಟ್ಟಿತೆಂದು ಎಲ್ಲರೂ ಅಂದುಕೊಂಡರು. ಲಾರ್ನ್ ಕಿವೆಲಾ ಮಾತು ನಿಲ್ಲಿಸುತ್ತಾನೆ ಎಂದು ಯಾರಿಗೆ ತಾನೇ ಹೊಳೆದೀತು?

ಬಲಗೈ ಸುಮ್ಮನಾಯಿತು, ಬಲಗಾಲು ಎಳೆಯುತ್ತದೆ. ಮಾತಿನಲ್ಲಿ ಉಳಿದದ್ದು "ಹೂಂ", "ಇಲ್ಲ", "ಮಂಗಳವಾರ" ಮತ್ತು ಬೈಗುಳಗಳು. ಬೈಗುಳ ಮಿದುಳಿನ ಬೇರೆ ಕೋಣೆಯಲ್ಲಿ ಬಾಡಿಗೆಗಿರುತ್ತದಂತೆ, ಅಲ್ಲಿಗೆ ಪೆಟ್ಟು ಬಿದ್ದಿಲ್ಲವಂತೆ. ಮಂಗಳವಾರ ಯಾಕೆ ಉಳಿಯಿತೆಂದು ವೈದ್ಯರಿಗೂ ಗೊತ್ತಿಲ್ಲ. ಕಾಫಿ ಬೇಕಾದರೆ ಮಂಗಳವಾರ. ಚಡ್ಡಿ ಬಿಗಿಯಾದರೆ ಮಂಗಳವಾರ.

ಬರೆದೆ. ಸೊಂಟ ಇದ್ದಲ್ಲೇ ಇದೆ.

ಜನವರಿ 12, ಭಾನುವಾರ

ಕೊಂದುಬಿಟ್ಟರು!

ಏಳು ವರ್ಷದಿಂದ ಭಾನುವಾರ ಭಾನುವಾರ ನಾವಿಬ್ಬರೂ ನೋಡುತ್ತಿದ್ದ 'ಪೆಲಿಕನ್ ನ್ಯಾರೋಸ್' ಟೀವಿ ಧಾರಾವಾಹಿ ಇವತ್ತಿಗೆ ಮುಗಿಯಿತು. ಮುಗಿಸುವವರು ಮರ್ಯಾದೆಯಾಗಿ ಮುಗಿಸಬೇಕಲ್ಲ. ಸಾರ್ಜೆಂಟ್ ಥಾರ್ಬರ್ನ್‌ನನ್ನು ಸರೋವರದ ಮಂಜುಗಡ್ಡೆ ಒಡೆದು ಮುಳುಗಿಸಿ ಸಾಯಿಸಿದರು. ಅದೂ ಮೇಯರ್ ಪಾಸ್ಕೊನ ನಾಯಿಯನ್ನು ಉಳಿಸಲು ಹೋಗಿ. ಆ ದಡದಲ್ಲೇ ಹುಟ್ಟಿ ಬೆಳೆದ ಪೊಲೀಸನಿಗೆ ಮಾರ್ಚ್ ತಿಂಗಳಲ್ಲಿ ತೆಳುವಾಗುವ ಐಸಿನ ಮೇಲೆ ಕಾಲಿಡಬಾರದೆಂದು ಗೊತ್ತಿಲ್ಲವೆ? ನಮ್ಮೂರಲ್ಲಿ ಮೂಗು ಸೋರುವ ಮಕ್ಕಳಿಗೂ ಗೊತ್ತು.

ಬೇಕರಿಯ ಐಲೀನ್ ಗತಿ ಏನು? ಏಳು ವರ್ಷ ಅವಳ ಅಂಗಡಿಯಲ್ಲಿ ಪುಕ್ಕಟೆ ಕಾಫಿ ಕುಡಿದು, ಒಂದು ಮಾತಾಡದೆ ಟೋಪಿ ಮುಟ್ಟಿ ಹೋಗುತ್ತಿದ್ದ ಮನುಷ್ಯ. ಇವತ್ತು ಅಂತೂ ಇಂತೂ ಅವಳಿಗೆ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಆ ನಾಯಿ ಬೊಗಳಿತು.

ಲಾರ್ನ್ ಪರದೆಯತ್ತ ಎಡಗೈ ಎತ್ತಿ "ಬೋಳಿಮಕ್ಳು" ಎಂದ. ಅಕ್ಷರ ಅಕ್ಷರ ಸ್ಪಷ್ಟ. ಟೆಸ್ಸಾ ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು.

ಜನವರಿ 15, ಬುಧವಾರ

ನಾನು ಅರ್ಧ ದಿನ ಕೆಲಸ ಮಾಡುವ ಟೈರ್ ಅಂಗಡಿಯಲ್ಲಿ ಇವತ್ತು ಗಿರಾಕಿಗಳಿರಲಿಲ್ಲ. ಥಾರ್ಬರ್ನ್ ಸಾವಿನ ಬಗ್ಗೆ ಬೇರೆಯವರಿಗೂ ಹೊಟ್ಟೆ ಉರಿದಿದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕಿದೆ. ಉರಿದಿದೆ. ಎಷ್ಟರಮಟ್ಟಿಗೆ ಎಂದರೆ ಜನ ತಮ್ಮ ತಮ್ಮ ಕಥೆ ತಾವೇ ಬರೆದು ಒಂದು ಜಾಲತಾಣಕ್ಕೆ ಹಾಕಿದ್ದಾರೆ. ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರಂತೆ. ಅಭಿಮಾನಿಗಳ ಕಥೆ. ಯಾರದೋ ಪಾತ್ರ, ಯಾರದೋ ಊರು, ಬರೆಯುವ ಹುಚ್ಚು ಮಾತ್ರ ಸ್ವಂತದ್ದು.

ಒಂದರಲ್ಲಿ ಥಾರ್ಬರ್ನ್ ರಕ್ತ ಕುಡಿಯುವ ಪಿಶಾಚಿ. ಇನ್ನೊಂದರಲ್ಲಿ ಮೇಯರ್ ಪಾಸ್ಕೊನನ್ನೇ ಮದುವೆಯಾಗಿದ್ದಾನೆ. ಮತ್ತೊಂದರಲ್ಲಿ ಥಾರ್ಬರ್ನ್ ಬಸುರಿ. ಅದನ್ನು ಪೂರ್ತಿ ಓದಿದೆ. ಕೆಟ್ಟದಾಗೇನೂ ಇರಲಿಲ್ಲ.

ಆದರೆ ಒಬ್ಬರಿಗಾದರೂ ಮಂಜುಗಡ್ಡೆಯ ಬಗ್ಗೆ ಗೊತ್ತಿದೆಯೇ ಎಂದರೆ ಇಲ್ಲ.

ಜನವರಿ 19, ಭಾನುವಾರ

ಬರೆದೆ. ಒಂದು ಅಧ್ಯಾಯ. ಅವರು ಮಾಡಿದ ತಪ್ಪು ತಿದ್ದಬೇಕಿತ್ತು, ಅಷ್ಟೆ. ನನ್ನ ಕಥೆಯಲ್ಲಿ ಮಂಜುಗಡ್ಡೆ ತಾನಾಗಿ ಒಡೆದದ್ದಲ್ಲ. ಯಾರೋ ಮೊದಲೇ ಗರಗಸ ಹಾಕಿ ಕೊಯ್ದಿಟ್ಟಿದ್ದಾರೆ. ಯಾರೆಂದು ಆಮೇಲೆ ಹೇಳುತ್ತೇನೆ, ಮೇಯರೇ, ಇನ್ನ್ಯಾರು? ಮೀನು ಹಿಡಿಯುವವರು ಥಾರ್ಬರ್ನ್‌ನನ್ನು ಎಳೆದು ದಡಕ್ಕೆ ಹಾಕುತ್ತಾರೆ. ಸ್ಟ್ರೆಚರಿನ ಮೇಲೆ ಮಲಗಿದ ಸಾರ್ಜೆಂಟ್ ಕಣ್ಣು ಬಿಟ್ಟು, ಆಂಬುಲೆನ್ಸಿನವನಿಗೆ ಅವನ ಟೈರುಗಳ ದುಃಸ್ಥಿತಿಯ ಬಗ್ಗೆ, ಆ ರಸ್ತೆಯ ಗುಂಡಿಗಳ ಬಗ್ಗೆ, ಗುಂಡಿ ಮುಚ್ಚಿಸದ ಮೇಯರನ ಬಗ್ಗೆ ಮೂರು ಪುಟ ಮಾತಾಡುತ್ತಾನೆ.

ಕೈ ನಿಲ್ಲಲೇ ಇಲ್ಲ. ನಾನು ಬರೆಯುವುದೇ ಬೇಕಾಗಿರಲಿಲ್ಲ. ಅವನು ಹೇಳುತ್ತ ಹೋದ, ನಾನು ಟೈಪ್ ಮಾಡುತ್ತ ಹೋದೆ.

ಜನವರಿ 26, ಭಾನುವಾರ

ಲಾರ್ನ್‌ನ ತಂಗಿ ಬೆವ್ ಬಂದಿದ್ದಳು. ಅವಳದು ತಲೆಗೂದಲಿಗೆ ಬಣ್ಣ ಹಚ್ಚುವ, ಕತ್ತರಿಸುವ ಅಂಗಡಿ. ಭಾನುವಾರ ಬರುತ್ತಾಳೆ, ಬೇಕರಿಯಿಂದ ಪರ್ಷಿಯನ್ ತರುತ್ತಾಳೆ. ಗುಲಾಬಿ ಬಣ್ಣದ ಸಿಹಿ ಬಳಿದ ಆ ಬನ್ನು ಈ ಊರು ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ, ಸೊಂಟಕ್ಕೆ ಬೇರೆ ಶತ್ರು ಬೇಕಾಗಿಲ್ಲ. ಅಣ್ಣನ ಕೆನ್ನೆಗೆ ಮುತ್ತಿಟ್ಟು, ಎರಡು ನಿಮಿಷ ಕೂತು, ಆಮೇಲೆ ಅಡಿಗೆಮನೆಗೆ ಹೋಗಿ ನಾನು ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯುತ್ತಾಳೆ.

ಮೇಜಿನ ಮೇಲಿದ್ದ ಟ್ಯಾಬ್ಲೆಟ್ಟಿನ ಪರದೆಯಲ್ಲಿ ನನ್ನ ಕಥೆ ತೆರೆದೇ ಇತ್ತು. ಒದ್ದೆ ಕೈಯಲ್ಲೇ ಅದನ್ನು ಎತ್ತಿ ನೋಡಿದಳು.

"ಏನೇ ಇದು? ಟೀವೀಲಿ ಬರೋ ಪೊಲೀಸಪ್ಪನ ಮೇಲೆ ಕಥೆ ಕಟ್ತಿದೀಯಾ?"

"ತಪ್ಪು ತಿದ್ತಿದೀನಿ."

"ತಪ್ಪಂತೆ! ಅರವತ್ತಕ್ಕೆ ಬಂದು ನಿಂತಿದೀಯ, ಗಂಡಸಿನ ಚಪಲ ಅನ್ನು, ಒಪ್ಕೋತೀನಿ. ಇದರಲ್ಲಿ ಮುತ್ತು ಗಿತ್ತು ಇದೆಯಾ?"

"ಇನ್ನೂ ಇಲ್ಲ. ಅವನು ಆಸ್ಪತ್ರೇಲಿದಾನೆ."

"ಹಾಗಾದ್ರೆ ಯಾವ ಸುಖಕ್ಕೆ ಬರೀತೀಯ ಮಾರಾಯ್ತಿ? ದುಡ್ಡಾ, ಹೆಸರಾ, ಮುತ್ತಾ? ಒಂದೂ ಇಲ್ಲ!"

ಅವಳಿಗೆ ಕೊಡಬೇಕಾಗಿದ್ದ ಎರಡನೇ ಪರ್ಷಿಯನ್ನನ್ನು ನಾನೇ ತಿಂದೆ.

ಫೆಬ್ರವರಿ 6, ಗುರುವಾರ

ಕಥೆಯನ್ನು ಜಾಲತಾಣಕ್ಕೆ ಹಾಕಿ ವಾರವಾಯಿತು. ಓದುಗರು ಕೆಳಗೆ ಅಭಿಪ್ರಾಯ ಬರೆಯುತ್ತಾರೆ. ಯಾರೂ ಸ್ವಂತ ಹೆಸರು ಹಾಕುವುದಿಲ್ಲ. ಹ್ಯಾಲಿಫ್ಯಾಕ್ಸಿನ ಒಬ್ಬಳ ಹೆಸರು 'ಉಪ್ಪುಮೀನು'. ಇವತ್ತು ಬರೆದಿದ್ದಾಳೆ: "ಮಂಜುಗಡ್ಡೆ ಚೆನ್ನಾಗಿದೆ. ಆದರೆ ಥಾರ್ಬರ್ನ್ ಏಳು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ನಿಮ್ಮ ನಾಲ್ಕು ಅಧ್ಯಾಯದಲ್ಲಿ ಆಡಿದ್ದಾನೆ. ಈ ಬಾಯಿಬಡುಕ ಯಾರು? ನನಗಂತೂ ಇವನ ಪರಿಚಯವಿಲ್ಲ."

ಬಾಯಿಬಡುಕ! ಉಪ್ಪುಮೀನಿಗೆ ಉತ್ತರವಾಗಿ ನಾನು ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಲಾರ್ನ್‌ನ ಮಿದುಳಿನ ಆ ಕೋಣೆಯಿಂದ ಸಾಲ ತಂದು ಬರೆದೆ. ಆಮೇಲೆ ಅಳಿಸಿದೆ.

ಇನ್ನೊಬ್ಬರಿದ್ದಾರೆ, 'ಮುಳ್ಳುಹಂದಿ'. ಗಂಡೋ ಹೆಣ್ಣೋ ಗೊತ್ತಿಲ್ಲ. ಪ್ರತಿ ಅಧ್ಯಾಯಕ್ಕೂ ಒಂದೇ ಮಾತು: "ಅವನು ಮಾತಾಡಲಿ. ತಡೆಯಬೇಡಿ." ಈ ಪ್ರಪಂಚದಲ್ಲಿ ಒಬ್ಬರಿಗಾದರೂ ಬುದ್ಧಿ ಇದೆ.

ಫೆಬ್ರವರಿ 16, ಭಾನುವಾರ

ನಾನು ಬರೆಯುವುದು ಲಾರ್ನ್‌ಗೆ ಗೊತ್ತು. ಏನು ಬರೆಯುತ್ತೇನೆಂದು ಗೊತ್ತಿರಲಿಲ್ಲ. ಇವತ್ತು ಏಳನೇ ಅಧ್ಯಾಯ ಮುಗಿಸಿ ಜಾಲತಾಣಕ್ಕೆ ಹಾಕಿದ ಖುಷಿಯಲ್ಲಿ ಓದಿ ಹೇಳೋಣ ಎನ್ನಿಸಿತು.

ಅದರಲ್ಲಿ ಥಾರ್ಬರ್ನ್ ಬೇಕರಿಯಲ್ಲಿ ಕೂತು ಐಲೀನ್‌ಗೆ ಮೂಸಿನ ಕಥೆ ಹೇಳುತ್ತಾನೆ. ಲಾರ್ನ್‌ನ ಮೂಸ್ ಅದು. ನಮ್ಮ ಮದುವೆಗೆ ಮುಂಚೆ ಒಂದು ಚಳಿಗಾಲದಲ್ಲಿ ಹಾಕಿ ಆಟದ ನಡುವೆ, ತೆರೆದಿಟ್ಟ ಹಿಂದಿನ ಬಾಗಿಲಿನಿಂದ, ಕುದುರೆಗಿಂತ ಎತ್ತರದ ಮೂಸ್ ಜಿಂಕೆಯೊಂದು ಮೈದಾನಕ್ಕೆ ನುಗ್ಗಿತ್ತು. ಜನ ಕಿರುಚುತ್ತಿದ್ದರೆ ಲಾರ್ನ್ ಮೈಕ್ ಬಿಡದೆ, "ಹೊಸ ಆಟಗಾರ ಇಳಿದಿದಾನೆ, ನಿಪಿಗಾನ್ ಕಾಡಿನ ಕಡೆಯೋನು, ಹೆಲ್ಮೆಟ್ ಹಾಕ್ಕೊಂಡಿಲ್ಲ, ಕೊಂಬು ಸ್ವಂತದ್ದು" ಎಂದು ವಿವರಣೆ ಕೊಟ್ಟಿದ್ದ. ಯಾರ ಮದುವೆಗೆ ಹೋಗಲಿ, ಯಾರನ್ನು ಮಣ್ಣು ಮಾಡಲು ಹೋಗಲಿ, ಈ ಕಥೆ ಹೇಳದೆ ಬಂದವನಲ್ಲ. ಕೇಳಿ ಕೇಳಿ ನನಗೆ ವಾಕರಿಕೆ ಬರುತ್ತಿತ್ತು. ಬರೆಯುವಾಗ ಒಂದೇ ಒಂದು ಮಾತು ತಪ್ಪಲಿಲ್ಲ.

ಓದತೊಡಗಿದೆ. ಮೊದಲು ನಕ್ಕ. ಮೂಸ್ ಬಂದಾಗ ಅವನ ತುಟಿ ನನ್ನ ಜೊತೆ ಆಡತೊಡಗಿತು. "ಹೆ... ಹೆ..." ಎಂದ. ನಾನು ಓದುತ್ತಲೇ ಇದ್ದೆ. ಅವನು ಹೆಲ್ಮೆಟ್ಟಿನ ಹತ್ತಿರ ಒದ್ದಾಡುತ್ತಿರುವಾಗ ನಾನು ಕೊಂಬು ದಾಟಿ ಮುಂದೆ ಹೋಗಿ, ಕಥೆ ಮುಗಿಸಿ, ಐಲೀನ್ ನಕ್ಕಳು ಎಂದು ಓದಿಯೂ ಆಗಿತ್ತು.

"ನನ್ನ" ಎಂದ ಲಾರ್ನ್.

ಹೊಸ ಶಬ್ದ! ಟೆಸ್ಸಾ ತಿಂಗಳುಗಟ್ಟಲೆ ಬೆಕ್ಕು ತೋರಿಸಿದರೂ ಬಾರದ ಶಬ್ದ. ನಾನು ಕುಣಿಯುವುದೊಂದು ಬಾಕಿ.

"ನನ್ನ. ನನ್ನ! ನನ್ನ!" ಎಡಗೈಯಿಂದ ಎದೆಗೆ ಗುದ್ದಿಕೊಳ್ಳುತ್ತಿದ್ದ. ಆಗ ಅರ್ಥವಾಯಿತು, ಇದು ಸಂತೋಷವಲ್ಲ ಎಂದು.

"ಹೌದು ಕಣೋ, ನಿಂದೇ. ನಾನೇನು ನಂದು ಅಂದ್ನಾ? ನೀನು ಹೇಳೋಕೆ ಆಗಲ್ಲ ಅಂತ ನಾನು—"

ಅಷ್ಟು ಹೇಳಿ ನಿಲ್ಲಿಸಿದೆ. ನಿಲ್ಲಿಸಬೇಕಾದ ಜಾಗ ಅದಕ್ಕಿಂತ ಬಹಳ ಹಿಂದೆ ಇತ್ತು.

ಅವನು ಟ್ಯಾಬ್ಲೆಟ್ಟನ್ನು ಒಂದೇ ಏಟಿಗೆ ಮೇಜಿನಿಂದ ಆಚೆ ತಳ್ಳಿದ. ಜೊತೆಗೆ ಕಾಫಿ ಮಗ್ಗೂ ಹೋಯಿತು. ನಂತರ ಗೋಡೆ ಹಿಡಿದುಕೊಂಡು ಮಲಗುವ ಕೋಣೆಗೆ ನಡೆದು ಬಾಗಿಲು ಹಾಕಿಕೊಂಡ. ಬಾಗಿಲು ದಡಾರನೆ ಹಾಕಲು ಎರಡು ಸಲ ಪ್ರಯತ್ನಿಸಿದ. ಎಡಗೈಗೆ ಇನ್ನೂ ರೂಢಿಯಾಗಿಲ್ಲ.

ಫೆಬ್ರವರಿ 17, ಸೋಮವಾರ

ಟ್ಯಾಬ್ಲೆಟ್ಟಿಗೆ ಏನೂ ಆಗಿಲ್ಲ.

ಫೆಬ್ರವರಿ 20, ಗುರುವಾರ

ಟೆಸ್ಸಾ ಬಂದಳು. "ನನ್ನ" ಶಬ್ದಕ್ಕೆ ಹಿಗ್ಗಿ ಹೋದಳು. "ಯಾವ ಸಂದರ್ಭದಲ್ಲಿ ಬಂತು ಮಿಸೆಸ್ ಕಿವೆಲಾ?" ಎಂದು ಕೇಳಿದಳು. ಜಿಂಕೆ ವಿಷಯ ಎಂದೆ.

ಬರೆಯುವುದಿಲ್ಲ. ಸಾಕು.

ಮಾರ್ಚ್ 4, ಮಂಗಳವಾರ

ಇವತ್ತು ಲಾರ್ನ್ ಹೇಳಿದ್ದೆಲ್ಲ ಸರಿ.

ಮಾರ್ಚ್ 9, ಭಾನುವಾರ

ಬೆವ್ ಪಾತ್ರೆ ತೊಳೆಯುತ್ತಿದ್ದಳು. ನಾನು ಒರೆಸುತ್ತಿದ್ದೆ. ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ಎಂಟನೇ ಅಧ್ಯಾಯ ಎಲ್ಲೇ?"

"ಯಾವ ಎಂಟು?"

"ಮೂಸ್ ಆದ್ಮೇಲೆ. ಮೂರು ವಾರ ಆಯ್ತು, ದಿನಾ ತೆಗೆದು ನೋಡ್ತೀನಿ, ಏನೂ ಇಲ್ಲ."

ನಾನು ತಟ್ಟೆ ಕೆಳಗಿಟ್ಟೆ. "ಮುಳ್ಳುಹಂದಿ ನೀನಾ?"

"ಏನೋ ಒಂದು ಹೆಸರು ಇಡ್ಬೇಕಲ್ಲ" ಎಂದು ನಲ್ಲಿ ಜೋರಾಗಿ ತಿರುಗಿಸಿದಳು. ನೀರು ಅವಳ ಮೂಗಿನವರೆಗೆ ಚಿಮ್ಮಿತು. ಒರೆಸಿಕೊಳ್ಳಲಿಲ್ಲ, ಹಾಗಾಗಿ ಅಳುತ್ತಿದ್ದಾಳೆಂದು ನನಗೆ ತಕ್ಷಣ ತಿಳಿಯಲಿಲ್ಲ.

"ಗಂಡಸಿನ ಚಪಲ ಅಂತ ಆಡ್ಕೊಂಡೆಯಲ್ಲೇ!"

"ಆಡ್ಕೊಂಡೆ. ಆಮೇಲೆ ಆ ಜಾಲತಾಣ ಹುಡುಕಿ ಓದಿದೆ. ಆಂಬುಲೆನ್ಸಿನೋನಿಗೆ ಟೈರ್ ಬಗ್ಗೆ ಭಾಷಣ ಬಿಗೀತಾನಲ್ಲ, ಅಲ್ಲೇ ಗೊತ್ತಾಯ್ತು. ನಮ್ಮ ಲಾರ್ನ್. ಒಂದೊಂದು ಮಾತೂ ಅವನ್ದೇ. ಅವನ ದನಿ ಕೇಳೋಕೆ ನಾನು ಇನ್ನೆಲ್ಲಿಗೆ ಹೋಗ್ಲಿ ಗ್ಲೆಂಡಾ? ಮೈದಾನದಲ್ಲಿ ಈಗ ಮೈಕ್ ಹಿಡ್ಯೋನು ಮೇಕೆ ಥರ ಅರಚ್ತಾನೆ. ನೀನು ಬರೀ. ಅವನು ಮಾತಾಡ್ಲಿ."

ನನಗೂ ಅವಳ ಹಾಗೇ ಅಳು ಬರಬೇಕಾಗಿತ್ತು. ಯಾಕೋ ಸಿಟ್ಟು ಬಂತು.

"ಅವನು ಆ ಕೋಣೇಲಿ ಕೂತಿದಾನೆ ಬೆವ್. ಭಾನುವಾರ ಭಾನುವಾರ ಬರ್ತೀಯ, ನನ್ನ ತಟ್ಟೆ ಬಣ್ಣ ಹೋಗೋ ಹಾಗೆ ಉಜ್ತೀಯ, ಹೋಗ್ತೀಯ. ಹೋಗಿ ಮಾತಾಡ್ಸು."

"ಏನಂತ ಮಾತಾಡ್ಸ್ಲಿ?"

"ಏನಾದ್ರೂ. ಅವನು ಮಂಗಳವಾರ ಅಂತಾನೆ. ಅದಕ್ಕೆ ನೀನೂ ಏನೋ ಒಂದು ಅನ್ನು."

ಮುಖ ತೊಳೆದುಕೊಂಡು, ಬೀರುವಿನಿಂದ ಇಸ್ಪೀಟು ತೆಗೆದುಕೊಂಡು ಹೋದಳು. ನಾನು ಬಾಗಿಲ ಸಂದಿಯಿಂದ ನೋಡಿದೆ. ಮೊದಲ ಆಟದಲ್ಲಿ ಇಬ್ಬರೂ ಹೆಣ ಕಾಯುವವರ ಹಾಗೆ ಕೂತಿದ್ದರು. ಎರಡನೆಯದರಲ್ಲಿ ಲಾರ್ನ್ ಒಂದು ಎಲೆಯನ್ನು ಕಂಬಳಿ ಅಡಿ ಬಚ್ಚಿಟ್ಟ. ಬೆವ್ ಅದನ್ನು ನೋಡಿದಳು.

"ಕಳ್ಳ ಬೋಳಿಮಗನೆ!"

"ಇಲ್ಲ" ಎಂದ ಲಾರ್ನ್, ಪಾದ್ರಿಯ ಮುಖ ಮಾಡಿಕೊಂಡು.

ಕತ್ತಲಾಗುವವರೆಗೂ ಆಡಿದರು. ಪಾತ್ರೆ ಎಲ್ಲ ನನ್ನ ತಲೆಗೇ ಬಂತು.

ಮಾರ್ಚ್ 13, ಗುರುವಾರ

ಲಾರ್ನ್ ಎದುರಿಗೆ ಟ್ಯಾಬ್ಲೆಟ್ ಇಟ್ಟು ಮೂಸಿನ ಅಧ್ಯಾಯ ಅಳಿಸಿದೆ. "ನಿನ್ನ ಮೂಸ್ ನಿನಗೆ ವಾಪಸ್. ಯಾರಿಗೂ ಹೇಳಲ್ಲ" ಎಂದೆ. ಬಹಳ ಹೊತ್ತು ಪರದೆಯನ್ನೇ ನೋಡಿದ. ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಟ್ಯಾಬ್ಲೆಟ್ ಮುಚ್ಚಲು ಹೋದೆ. ಕೈ ಹಿಡಿದುಕೊಂಡ. ಪರದೆಗೆ ಬೆರಳಿನಿಂದ ಕುಟ್ಟಿದ.

"ಮಂಗಳವಾರ?"

"ಏನು, ಓದ್ಲಾ?"

"ಇಲ್ಲ." ಮತ್ತೆ ಕುಟ್ಟಿದ. ಬೆರಳನ್ನು ಮುಂದಕ್ಕೆ, ಮುಂದಕ್ಕೆ ಎಂದು ತಿರುಗಿಸಿದ.

"ಮುಂದೆ ಏನಾಯ್ತು ಅಂತಾನಾ?"

"ಹೂಂ!"

ಮುಂದೆ ಏನಾಯಿತೆಂದು ನನಗೂ ಗೊತ್ತಿರಲಿಲ್ಲ. ಹಾಗೆಂದೆ. ಲಾರ್ನ್ ತನ್ನ ಕುರ್ಚಿಯನ್ನು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದ.

ಮಾರ್ಚ್ 23, ಭಾನುವಾರ

ಇಬ್ಬರು ಸೇರಿ ಬರೆಯುವುದೆಂದರೆ ಒಂದು ಕಾರಿಗೆ ಎರಡು ಸ್ಟಿಯರಿಂಗ್ ಇದ್ದ ಹಾಗೆ.

"ಥಾರ್ಬರ್ನ್ ಹೇಳಿದ..." ಎಂದು ನಾನು ಶುರು ಮಾಡಿದೆ.

"ಇಲ್ಲ."

"ಸರಿ, ಕೇಳಿದ?"

"ಇಲ್ಲ."

"ಗೊಣಗಿದ? ಪಿಸುಗುಟ್ಟಿದ? ಹಾಡಿದ?"

"ಇಲ್ಲ, ದರಿದ್ರ!"

"ಮತ್ತೇನು, ಬಾಯಿ ಮುಚ್ಕೊಂಡು ಕೂತ್ಕೊಂಡ್ನಾ?"

ಮೇಜು ಗುದ್ದಿದ. "ಹೂಂ!"

ಮಾತೇ ಆಡದವನನ್ನು ಇಟ್ಟುಕೊಂಡು ಅಧ್ಯಾಯ ತುಂಬಿಸುವುದು ಹೇಗೆ? ತಲೆ ಕೆಡಿಸಿಕೊಂಡು ಕೂತೆ. ಲಾರ್ನ್ ನನ್ನ ಕಾಫಿ ಮಗ್ಗನ್ನು ಮೆಲ್ಲಗೆ ತಿರುಗಿಸಿ ಅದರ ಹಿಡಿಯನ್ನು ನನ್ನ ಕಡೆಗೆ ಮಾಡಿದ. ಹೊರಗೆ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ, ನಾನು ಪರದೆಯನ್ನು. ಕೊನೆಗೆ ಕಾಫಿ ಕುಡಿದೆ. ಒಂದು ಸಾಲೂ ಆಗಲಿಲ್ಲ.

ಏಪ್ರಿಲ್ 5, ಶನಿವಾರ

ಅಳಿಸಿದ ಮೂಸಿನ ಜಾಗಕ್ಕೆ ಹೊಸ ಅಧ್ಯಾಯ ಹಾಕಿದೆವು. ಮಂಜುನೀರಿನ ಪೆಟ್ಟು ತಡವಾಗಿ ತಟ್ಟಿ, ಅಷ್ಟು ಮಾತಾಡುತ್ತಿದ್ದ ಥಾರ್ಬರ್ನ್‌ನ ಮಾತು ನಿಂತುಹೋಗಿದೆ. ಬೇಕರಿಗೆ ಬಂದು ಕೂರುತ್ತಾನೆ. ಐಲೀನ್ ಮಾತಾಡುತ್ತಾಳೆ, ಮಾತಾಡುತ್ತಾಳೆ, ಅವಳ ಮಾತೂ ಮುಗಿಯುತ್ತದೆ. ಆಗ ಅವನು ಅವಳ ಬಟ್ಟಲಿನ ಹಿಡಿಯನ್ನು ಅವಳ ಕಡೆಗೆ ತಿರುಗಿಸುತ್ತಾನೆ. ಅಷ್ಟೆ, ಅಧ್ಯಾಯ ಮುಗಿಯಿತು.

ಉಪ್ಪುಮೀನು ಬರೆದಿದ್ದಾಳೆ: "ಬಂದ! ಇವನು ಥಾರ್ಬರ್ನ್. ಆ ಬಟ್ಟಲಿನ ಹಿಡಿ ನಿಮಗೆ ಎಲ್ಲಿಂದ ಸಿಕ್ಕಿತು?" ಕಲ್ಪನೆ ಎಂದು ಉತ್ತರ ಕೊಟ್ಟೆ. ನನಗೂ ಪ್ರತಿಭೆ ಎಂಬುದೊಂದು ಇದೆ.

ಮುಳ್ಳುಹಂದಿ ಬರೆದದ್ದು: "ನನಗೆ ಹಿಡಿಸಲಿಲ್ಲ. ಮುಂದಿನದು ಬೇಗ ಹಾಕಿ." ಆಮೇಲೆ ಫೋನ್ ಮಾಡಿ, "ಅವನು ಇನ್ಮೇಲೆ ಮಾತೇ ಆಡಲ್ವಾ?" ಎಂದು ಕೇಳಿದಳು.

"ಥಾರ್ಬರ್ನಾ?"

"ಹೂಂ. ಥಾರ್ಬರ್ನು."

"ನನಗೆ ಗೊತ್ತಿಲ್ಲ ಬೆವ್."

"ನಾಳೆ ಇಸ್ಪೀಟು ನಾನೇ ತರ್ತೀನಿ. ನಿಮ್ಮನೇದಕ್ಕೆ ಅವನು ಗುರುತು ಹಾಕಿದಾನೆ" ಎಂದು ಫೋನ್ ಇಟ್ಟಳು.

ಏಪ್ರಿಲ್ 17, ಗುರುವಾರ

ಟೆಸ್ಸಾ ತನ್ನ ಚಿತ್ರದ ಕಾರ್ಡುಗಳನ್ನು ತೆಗೆದಳು. ಲಾರ್ನ್ ಬೆಕ್ಕಿನ ಚಿತ್ರ ನೋಡಿ, ಬೈದು, ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿ ಟ್ಯಾಬ್ಲೆಟ್ ಅವಳ ಮುಂದೆ ತಳ್ಳಿದ. ಪಾಪದ ಹುಡುಗಿ ಇಡೀ ಪಾಠದ ಹೊತ್ತು ಮೇಯರ್ ಪಾಸ್ಕೊನ ವಿಚಾರಣೆ ಬರೆದುಕೊಂಡಳು. ಅವನಿಂದ "ನಾಯಿ", "ಸುಳ್ಳ" ಮತ್ತು "ಗರಗಸ" ಬಂದವು. ಗರಗಸ ಎರಡು ತುಂಡಾಗಿ ಬಂತು, ಆದರೂ ಬಂತು.

ಹೊರಡುವಾಗ ಟೆಸ್ಸಾ ಕೇಳಿದಳು, "ನೀವು ಇದನ್ನ ಯಾಕೆ ಶುರು ಮಾಡಿದ್ರಿ ಮಿಸೆಸ್ ಕಿವೆಲಾ?"

"ಟೀವಿಯವರಿಗೆ ಬುದ್ಧಿ ಕಲಿಸೋಕೆ."

"ಈಗ?"

"ಈಗ ಇವನ ಕಾಟಕ್ಕೆ. ನಾನು ಬಿಟ್ರೂ ಇವನು ಬಿಡಲ್ಲ."

ದಿನಚರಿ ಬರೆಯುತ್ತಿದ್ದೀರಾ ಎಂದೂ ಕೇಳಿದಳು. ಪುರುಸೊತ್ತೆಲ್ಲಿ?

ಮೇ 3, ಶನಿವಾರ

ಈ ಮನುಷ್ಯನ ಜೊತೆ ಹೇಗೆ ಸಂಸಾರ ಮಾಡಿದೆನೋ ನನಗೇ ತಿಳಿಯದು.

ಕೊನೆಯ ಅಧ್ಯಾಯಕ್ಕೆ ಬಂದಿದ್ದೆವು. ಮಂಜುಗಡ್ಡೆಗೆ ಗರಗಸ ಹಾಕಿದವರು ಯಾರೆಂದು ಹೇಳಿ ಮುಗಿಸಬೇಕು. ನಾನು "ಮೇಯರ್ ಪಾಸ್ಕೊನ ಕೈಗೆ ಬೇಡಿ ಬಿತ್ತು" ಎಂದು ಟೈಪ್ ಮಾಡಿದೆ.

"ಇಲ್ಲ" ಎಂದ ಲಾರ್ನ್.

"ಏನು ಇಲ್ಲ? ಮೊದಲನೇ ದಿನದಿಂದ ಮೇಯರೇ ಅಂತ ನಾನು ತೀರ್ಮಾನ ಮಾಡಿದೀನಿ."

"ಇಲ್ಲ. ಐ... ಐಲೀ."

"ಐಲೀನ್‌ಗೇನಾಯ್ತು?"

ಲಾರ್ನ್ ಎಡಗೈಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದ. ಗರಗಸ. ಆಮೇಲೆ ಸುಖವಾಗಿ ಕುರ್ಚಿಗೆ ಒರಗಿದ.

"ತಲೆ ಕೆಟ್ಟಿದೆಯೇನೋ ನಿನಗೆ? ಐಲೀನ್ ಅವನನ್ನ ಕೊಲ್ತಾಳಾ? ಏಳು ವರ್ಷ ಪುಕ್ಕಟೆ ಕಾಫಿ ಕೊಟ್ಟಿದಾಳೆ ಅವಳು! ಏಳು ವರ್ಷ, ಅವನ ಬಾಯಿಂದ ಒಂದು ಮಾತು ಬರಲಿ ಅಂತ—"

"ಹೂಂ" ಎಂದ, ಹುಬ್ಬು ಹಾರಿಸಿ.

ಮೇಯರನ ಬೇಡಿಯ ಸಾಲು ಅಳಿಸಲು ನನ್ನ ಕೈ ತಾನಾಗಿ ಹೋಯಿತು. ಯಾಕೆಂದರೆ ಸರಿಯಾಗಿತ್ತು. ಬ್ರೆಡ್ಡಿಗೆ ಹಿಟ್ಟು ಕಲಸಲು ನಸುಕಿಗೇ ಏಳುವವಳು ಅವಳೊಬ್ಬಳೇ. ಅವನು ದಿನಾ ಯಾವ ದಾರಿಯಲ್ಲಿ ಬರುತ್ತಾನೆಂದು ಗೊತ್ತಿರುವವಳೂ ಅವಳೊಬ್ಬಳೇ. ಸಿಟ್ಟಂತೂ ಬೇಕಾದಷ್ಟಿತ್ತು. ಆದರೆ ಅದನ್ನು ಒಪ್ಪಿಕೊಂಡರೆ ನಾನು ಗ್ಲೆಂಡಾ ಕಿವೆಲಾ ಅಲ್ಲ.

"ಆಗಲ್ಲ. ಐಲೀನ್ ಒಳ್ಳೆಯವಳು. ಅವಳನ್ನ ನೋಡಿದ್ರೆ ಎಲ್ರಿಗೂ ಗೊತ್ತಾಗುತ್ತೆ."

ಲಾರ್ನ್ ನನ್ನ ಕಡೆ ಬೆರಳು ತೋರಿಸಿ ನಗತೊಡಗಿದ.

"ನಾನಲ್ಲ! ಐಲೀನ್ ನಾನಲ್ಲ! ಅವಳದು ತೆಳ್ಳಗಿನ ಸೊಂಟ!"

ಇನ್ನೂ ನಕ್ಕ. ಕಣ್ಣಲ್ಲಿ ನೀರು ಬರುವ ಹಾಗೆ. ನಾನು ಅವನನ್ನು ಮೂರ್ಖ ಎಂದೆ, ಮೊಂಡ ಎಂದೆ, ಅವರಪ್ಪನ ಹಾಗೇ ಕತ್ತೆ ಎಂದೆ. ಅವನೇನು ಸುಮ್ಮನಿದ್ದನೆ? ಆ ಕೋಣೆಯಲ್ಲಿದ್ದ ಸರಕನ್ನೆಲ್ಲ ಹೊರಗೆ ಹಾಕಿದ. ನಡುವೆ ಮಂಗಳವಾರವೂ ಬಂತು, ಅದೂ ಬೈಗುಳದ ಹಾಗೆಯೇ ಕೇಳಿಸಿತು. "ನಿನ್ನ ಜೊತೆ ಬರೆಯೋದೂ ಒಂದೇ, ಗೋಡೆಗೆ ತಲೆ ಚಚ್ಕೊಳ್ಳೋದೂ ಒಂದೇ! ಹೋಗ್ತೀನಿ, ನನ್ನ ಹುಡುಕ್ಬೇಡ" ಎಂದು ಕಿರುಚಿ, ಕಾರಿನ ಕೀಲಿ ತೆಗೆದುಕೊಂಡು ಹೊರಟೇಬಿಟ್ಟೆ. ಪಕ್ಕದ ಮನೆಯವರು ಕಿಟಕಿಯ ಪರದೆ ಸರಿಸಿ ನೋಡಿದರು. ನೋಡಲಿ.

ಸರೋವರದ ದಡದಲ್ಲಿ ಕಾರು ನಿಲ್ಲಿಸಿ ಎರಡು ಪರ್ಷಿಯನ್ ತಿಂದೆ. ಮಂಜುಗಡ್ಡೆ ಎಲ್ಲ ಕರಗಿ ನೀರು ನೀಲಿಯಾಗಿತ್ತು. ಐಲೀನ್‌ಳನ್ನು ಉಳಿಸುವ ದಾರಿಯೊಂದನ್ನು ಹುಡುಕಿದೆ, ಸಿಗಲಿಲ್ಲ. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಮನೆಗೆ ಬಂದು ನೋಡಿದರೆ, ನಾನು ಫ್ರಿಜ್ಜಿನಲ್ಲಿಟ್ಟಿದ್ದ ಸಾಲ್ಮನ್ ಸೂಪನ್ನು ತೆಗೆದು, ಬಿಸಿ ಮಾಡಿಕೊಂಡು, ಕುಡಿದು ಮುಗಿಸಿ, ಟೀವಿಯಲ್ಲಿ ಹಾಕಿ ಪಂದ್ಯ ನೋಡುತ್ತ ಕೂತಿದ್ದಾನೆ. ಒಲೆಯ ಮೇಲೆಲ್ಲ ಚೆಲ್ಲಿದ್ದಾನೆ. ಮುಚ್ಚಳ ನೆಲದ ಮೇಲಿದೆ. ನನಗೆಂದು ಒಂದು ಚಮಚ ಉಳಿಸಿಲ್ಲ! ಎಂಥ ಸ್ವಾರ್ಥಿ!

ಮೇ 4, ಭಾನುವಾರ

ಬೆಳಗ್ಗೆಯಿಂದ ಅವನ ಜೊತೆ ಮಾತು ಬಿಟ್ಟಿದ್ದೇನೆ.

ಕಾಫಿ ಒಂದೇ ಮಗ್ ಮಾಡಿದೆ, ನನಗೆ. ಅವನು ಎದ್ದು ಹೋಗಿ ತನ್ನದನ್ನು ತಾನೇ ಮಾಡಿಕೊಂಡ, ಸಕ್ಕರೆ ಡಬ್ಬಿಯ ಮುಚ್ಚಳ ಹಾಕದೆ ಬಂದ. ನನ್ನ ಎದುರಿಗೆ ಕೂತು ಜೋರಾಗಿ ಹೀರಿದ. ಬೇಕೆಂದೇ.

ಬೆವ್ ಫೋನ್ ಮಾಡಿದಳು. "ಏನೇ, ಯಾಕೆ ದನಿ ಹಾಗಿದೆ? ಲಾರ್ನ್ ಹುಷಾರಾಗಿದಾನೆ ತಾನೆ?"

"ನಿಮ್ಮಣ್ಣನ ವಿಷಯ ನನ್ನ ಕೇಳ್ಬೇಡ. ನಾವಿಬ್ರೂ ಮಾತಾಡ್ತಿಲ್ಲ."

"ಏನಂದೆ?"

"ಮಾತಾಡ್ತಿಲ್ಲ! ಅವನೇ ಮೊದಲು ಮಾತಾಡೋವರೆಗೂ ನಾನು ಬಾಯಿ ಬಿಡೋದಿಲ್ಲ."

ಅವಳು ನಗತೊಡಗಿದಳು. ಫೋನ್ ಕೆಳಗೆ ಬಿದ್ದ ಸದ್ದೂ ಆಯಿತು. ಕುರ್ಚಿಯಲ್ಲಿ ಕೂತಿದ್ದ ಲಾರ್ನ್‌ಗೂ ಅದು ಕೇಳಿಸಿ ಅವನೂ ಶುರು ಮಾಡಿದ. ಅಣ್ಣ ಇಲ್ಲಿ, ತಂಗಿ ಅಲ್ಲಿ, ಇಬ್ಬರೂ ನಕ್ಕು ನಕ್ಕು ಸುಸ್ತಾದರು. ಇದರಲ್ಲಿ ನಗುವಂಥದ್ದು ಏನಿದೆಯೋ ನನಗಂತೂ ಗೊತ್ತಾಗಲಿಲ್ಲ. ಕಿವೆಲಾ ಮನೆತನದವರಿಗೆ ಮೊದಲಿಂದಲೂ ತಲೆ ಅಷ್ಟಕ್ಕಷ್ಟೆ.

ಈಗ ಸಂಜೆಯಾಗಿದೆ. ಅವನು ಬಾಗಿಲಲ್ಲಿ ಬಂದು ನಿಂತಿದ್ದಾನೆ, ಕಂಕುಳಲ್ಲಿ ಟ್ಯಾಬ್ಲೆಟ್. ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ. ನಾನು ತಲೆ ಎತ್ತಿಲ್ಲ, ಬರೆಯುತ್ತಲೇ ಇದ್ದೇನೆ. ಎಷ್ಟು ಹೊತ್ತಾದರೂ ಆಗಲಿ, ಈ ಸಲ ಅವನೇ ಮೊದಲು ಮಾತಾಡಬೇಕು.